ಬಿಸಿ ಕಾಣುವ ದುರ್ಬೀನು

ಜನವರಿ 12, ಸೋಮವಾರ

ಇವತ್ತೂ ಕದ್ದಿದ್ದಾರೆ. ಹೋದ ವಾರ ಇಟ್ಟ ಸೇವಂತಿಗೆಯಲ್ಲಿ ಒಂದು ಹೂವೂ ಉಳಿದಿಲ್ಲ. ಕಡ್ಡಿಗಳು ಮಾತ್ರ ನೆಟ್ಟಗೆ ನಿಂತಿವೆ. ಎಡೆ ಇಟ್ಟ ಬಾಳೆಎಲೆಯ ತುಂಡೂ ಇಲ್ಲ. ನಮ್ಮ ಬೈಲಹೊಂಗಲದ ಕಡೆ ಸಮಾಧಿಯ ಮೇಲಿನ ತೆಂಗಿನಕಾಯಿ ಯಾರಾದರೂ ಎತ್ತಿಕೊಂಡು ಹೋಗುವುದುಂಟು. ಹೂವು ಮುಟ್ಟುವುದಿಲ್ಲ. ಇಲ್ಲಿನವರಿಗೆ ಹೂವೂ ಬೇಕು, ಎಲೆಯೂ ಬೇಕು.

ಹೆಂಡತಿ ಭಾಗ್ಯ ಹೋಗಿ ಇವತ್ತಿಗೆ ಹದಿಮೂರು ವಾರ. ಇಪ್ಪತ್ತೆರಡು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನಿಂತೇ ದುಡಿದ ನರ್ಸನ್ನು ಇಲ್ಲಿ ಮಲಗಿಸಿ ಹೂಳಿದ್ದೇವೆ. ನಮ್ಮಲ್ಲಿ ಕೂರಿಸುತ್ತಾರೆ, ಅಂಗೈಯಲ್ಲಿ ಲಿಂಗ ಇಟ್ಟು. ಕೂರಿಸುವಂಥ ಪೆಟ್ಟಿಗೆ ನಮ್ಮಲ್ಲಿಲ್ಲ ಎಂದ ಪೆಟ್ಟಿಗೆಯವನು, ಅಂಗಡಿಯಲ್ಲಿ ಆ ಅಳತೆಯ ಚಪ್ಪಲಿ ಇಲ್ಲ ಎನ್ನುವ ಹಾಗೆ.

ಜಾಗವೇನೋ ಚೆನ್ನಾಗಿದೆ. ಡರ್ಬಿ ಊರಿನ ಹೊರಗೆ, ಕಾಡಿನೊಳಗೆ. ಕಲ್ಲು ನೆಡುವಂತಿಲ್ಲ, ಒಬ್ಬೊಬ್ಬರ ತಲೆಯ ಹತ್ತಿರ ಒಂದೊಂದು ಸಸಿ. ಎಲ್ಲರಿಗೂ ಹತ್ತು ಗಂಟೆಗೆ ತೆರೆಯುತ್ತದೆ. ಮನೆಯವರಿಗೆ ಪಕ್ಕದ ಗೇಟಿನ ನಂಬರು ಕೊಟ್ಟಿದ್ದಾರೆ. ನನ್ನ ವೇರ್‌ಹೌಸ್ ಶಿಫ್ಟು ಮಧ್ಯಾಹ್ನ ಎರಡಕ್ಕೆ ಶುರು, ಹಾಗಾಗಿ ನಾನು ಎಂಟೂವರೆಗೇ ಹೋಗಿಬರುತ್ತೇನೆ.

ಈ ನೋಟ್‌ಬುಕ್ ಮಗಳು ಅಪೂರ್ವ ಲೀಡ್ಸಿನಿಂದ ಕಳಿಸಿದ್ದು. ದುಃಖದಲ್ಲಿರುವವರಿಗೆಂದೇ ಮಾಡಿದ ನೋಟ್‌ಬುಕ್ಕಂತೆ. ಪ್ರತಿ ಪುಟದ ಮೇಲೆ 'ಇವತ್ತು ನಿಮಗೆ ಏನನ್ನಿಸುತ್ತಿದೆ?' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಇವತ್ತು ನನಗೆ ಕಳ್ಳರ ಕೈ ಮುರಿಯಬೇಕು ಅನ್ನಿಸುತ್ತಿದೆ.

ಜನವರಿ 18, ಭಾನುವಾರ

ಕನ್ನಡ ಬಳಗದ ಸಂಕ್ರಾಂತಿ. ಹೋಗಬಾರದಿತ್ತು. ಸೆಕ್ರೆಟರಿ ರಾಮಚಂದ್ರ ಮೈಕಿನಲ್ಲಿ ಭಾಗ್ಯಳ ಹೆಸರು ಹೇಳಿ ಒಂದು ನಿಮಿಷದ ಮೌನ ಎಂದರು. ಹಿಂದೆ ಅಡುಗೆಮನೆಯಲ್ಲಿ ಮಿಕ್ಸರ್ ತಿರುಗುತ್ತಲೇ ಇತ್ತು. ಅರ್ಧ ನಿಮಿಷಕ್ಕೇ "ಥ್ಯಾಂಕ್ಯೂ, ಈಗ ಪುಟಾಣಿಗಳ ಫ್ಯಾಷನ್ ಶೋ" ಎಂದರು. ಆಮೇಲೆ ಸಾಲಾಗಿ ಬಂದು "ಸ್ಟ್ರಾಂಗ್ ಆಗಿರಿ ಅಂಕಲ್" ಎಂದು ಹೋದರು. ಯಾವ ಮನೆಯಲ್ಲಿ ಯಾರು ಹೆತ್ತರೂ, ಬಿದ್ದರೂ ಓಡಿದವಳು ಅವಳು. ಇವರಿಗೆ ಮಿಕ್ಸರ್ ನಿಲ್ಲಿಸಲು ಆಗಲಿಲ್ಲ.

ಜನವರಿ 26, ಸೋಮವಾರ

ಕಳ್ಳ ಸಿಕ್ಕ. ಮನುಷ್ಯ ಅಲ್ಲ.

ಜಾಗದ ಒಡತಿ ಗ್ಲೆನಿಸ್ ಎನ್ನುವ ಮುದುಕಿ ಗೇಟಿನಲ್ಲೇ ಕಾದಿದ್ದಳು. ನನ್ನ ಹೆಸರು ಶ್ರೀಶೈಲಪ್ಪ ಎಂದು ಮೂರು ಸಲ ಹೇಳಿಯಾಗಿದೆ, ಆದರೂ ಅವಳಿಗೆ ನಾನು 'ಮಿಸ್ಟರ್ ಶ್ರೀ'. ಎಲ್ಲದಕ್ಕೂ ಒಂದು ನೋಟೀಸು ಬರೆದು ಪ್ಲಾಸ್ಟಿಕ್ ಹೊದಿಸಿ ಮರಕ್ಕೆ ತೂಗುಹಾಕುವುದೇ ಅವಳ ಕೆಲಸ. ಫೋನಿನಲ್ಲಿ ಫೋಟೋ ತೋರಿಸಿದಳು. ನಾಯಿಗಿಂತ ಒಂದಿಷ್ಟು ದೊಡ್ಡದು, ಬೆನ್ನು ಬಾಗಿದ, ಕಂದು ಬಣ್ಣದ ಪ್ರಾಣಿ. ಮುಂಟ್‌ಜಾಕ್ ಎಂಬ ಜಾತಿಯ ಜಿಂಕೆಯಂತೆ. ಮೂವತ್ತೊಂದು ಸಸಿಗಳ ಸಿಪ್ಪೆ ಸುಲಿದಿದೆ. ಎಲ್ಲ ಮನೆಯವರ ಹೂವೂ ಅದರ ಹೊಟ್ಟೆಗೇ ಹೋಗಿದೆ. "ಅದು ಈ ದೇಶದ್ದೇ ಅಲ್ಲ, ಹೊರಗಿನಿಂದ ತಂದು ಬಿಟ್ಟದ್ದು, ಇಲ್ಲಿ ಅದಕ್ಕೆ ಜಾಗವಿಲ್ಲ" ಎಂದು ನನ್ನ ಮುಖ ನೋಡಿಯೇ ಹೇಳಿದಳು. ಹೇಳಿದ ಮೇಲೆ ಅವಳ ಮುಖ ಕೆಂಪಾಯಿತು.

ಗುಂಡಿಟ್ಟು ಹೊಡೆಸಬೇಕು, ಅದಕ್ಕೆ ಆ ಭಾಗದಲ್ಲಿ ಹೂತವರ ಮನೆಯವರೆಲ್ಲ ಒಪ್ಪಬೇಕು ಎಂದಳು. ಅವಳು ಮಾತು ಮುಗಿಸುವ ಮೊದಲೇ ಪೆನ್ನು ತೆಗೆದುಕೊಂಡು ಸಹಿ ಹಾಕಿದೆ.

ಹುಟ್ಟಿದಂದಿನಿಂದ ಮೊಟ್ಟೆಯನ್ನೂ ಮುಟ್ಟಿದವನಲ್ಲ ನಾನು. ಸಹಿ ಹಾಕುವಾಗ ಅದು ನೆನಪಾಗಲಿಲ್ಲ, ಕಾರಿನಲ್ಲಿ ನೆನಪಾಯಿತು. ನಾನೇನು ತಿನ್ನಲು ಹೊಡೆಸುತ್ತಿಲ್ಲವಲ್ಲ.

ಫೆಬ್ರವರಿ 7, ಶನಿವಾರ

ಹೊಡೆಯುವವನು ನಮ್ಮವನೇ! ಗ್ಲೆನಿಸ್ ಫೋನ್ ಮಾಡಿ, ನಿಮ್ಮ ಭಾಷೆಯವನೇ ಇದ್ದಾನೆ, ಬಂದು ಮಾತಾಡಿ ಎಂದಳು. ಅನುರಾಗ್ ಎಂದು ಹೆಸರು. ಬೆಂಗಳೂರಿನವನು, ಮೂವತ್ತೈದರ ಹತ್ತಿರ, ವಿಮಾನದ ಇಂಜಿನ್ ಮಾಡುವ ಕಡೆ ಇಂಜಿನಿಯರ್. ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ಶನಿವಾರ ಒಣಗಿದ ಸೊಪ್ಪಿನ ಚಿತ್ರ ಬರೆದ ಅಂಗಿ ತೊಟ್ಟು ಕಾಡಿನಲ್ಲಿ ಹೊಟ್ಟೆಯ ಮೇಲೆ ತೆವಳುತ್ತಾನೆ. ತಲೆಗೂ ಅದೇ ಚಿತ್ರದ ಟೋಪಿ. ಆದರೆ ಕಾರು ಮಾತ್ರ ಟೊಮೆಟೊ ಕೆಂಪು.

ಬಂದೂಕು ತಂದಿರಲಿಲ್ಲ. ಕೊರಳಲ್ಲಿ ಬ್ಯಾಟರಿ ಟಾರ್ಚಿನಷ್ಟು ಉದ್ದದ ಒಂದು ಒಕ್ಕಣ್ಣಿನ ದುರ್ಬೀನು. ಥರ್ಮಲ್ ಅಂತೆ, ಬಿಸಿ ಕಾಣುತ್ತದಂತೆ. ಕೂಸಿನಂತೆ ಎದೆಗೆ ಒತ್ತಿಕೊಂಡಿದ್ದ.

"ಕಣ್ಣಿಗೆ ಒತ್ತಿ ಹಿಡ್ಕೊಳಿ ಅಂಕಲ್. ಬೆಳ್ಳಗೆ ಕಂಡಿದ್ದು ಬಿಸಿ. ಉಳಿದಿದ್ದೆಲ್ಲ ತಣ್ಣಗೆ."

"ಎಲ್ಲಾ ಬೂದಿ ಬಡದಂಗ ಅದ."

"ಹಾಂ, ಆ ಬೂದಿಯಲ್ಲೇ ಕೆಂಡ ಹುಡುಕಿ."

"ಹಗಲ ಹೊತ್ತಿನ್ಯಾಗ ಇದ್ಯಾಕ ಬೇಕಪಾ? ನಿನಗ ಕಣ್ಣಿಲ್ಲೇನು?"

ನಕ್ಕ. "ಕಣ್ಣಿದೆ ಅಂಕಲ್. ಆದ್ರೆ ಒಣಗಿದ ಜರಿಗಿಡದ ಬಣ್ಣ, ಅದರ ಮೈಬಣ್ಣ ಎರಡೂ ಒಂದೇ. ಪಕ್ಕದಲ್ಲೇ ಮಲಗಿದ್ರೂ ದಾಟಿ ಹೋಗ್ತೀವಿ. ಇಲ್ಲಿ ರಾತ್ರಿ ಜಿಂಕೆ ಹೊಡೆಯೋ ಹಾಗಿಲ್ಲ, ಹಗಲಲ್ಲೇ ಹುಡುಕ್ಬೇಕು. ಇದು ಎಲ್ಲಿದೆ ಅಂತ ಮಾತ್ರ ಹೇಳುತ್ತೆ. ಏನದು ಅಂತ ಗುರುತು ಹಿಡಿಯೋಕೆ ಮತ್ತೆ ಮಾಮೂಲಿ ದುರ್ಬೀನೇ ಬೇಕು."

ಅಂದರೆ ಒಂದು ಪ್ರಾಣಿ ನೋಡಲು ಇವನಿಗೆ ಮೂರು ಕಣ್ಣು ಬೇಕು. ನಮ್ಮಪ್ಪ ಜೋಳದ ಹೊಲದ ಈ ತುದಿಯಲ್ಲಿ ನಿಂತು ಆ ತುದಿಯಲ್ಲಿ ಅಲ್ಲಾಡುವ ಒಂದು ತೆನೆ ನೋಡಿ, ನರಿಯೋ ಹಂದಿಯೋ ಹೇಳುತ್ತಿದ್ದ.

ಮೊದಲು ಕಾರಿನ ಕಿಟಕಿಯಿಂದ ನೋಡಿದೆ. ಕಾಡು ಕಾಣಲಿಲ್ಲ, ನನ್ನದೇ ಮುಖ ಹಿಟ್ಟಿನ ಮುದ್ದೆಯ ಹಾಗೆ ಕಂಡಿತು. ಗಾಜಿನಾಚೆ ಅದಕ್ಕೆ ಕಾಣುವುದಿಲ್ಲವಂತೆ. ಇಷ್ಟು ದೊಡ್ಡ ವಿದ್ಯೆ ಒಂದು ಕಿಟಕಿಗೆ ಸೋತಿತು. ಇಳಿದು ನೋಡಿದೆ. ಅಳಿಲೊಂದು ಅಕ್ಕಿಕಾಳಿನಂತೆ ಮರ ಹತ್ತುತ್ತಿತ್ತು. ಆಚೆ ಜರಿಗಿಡದ ಪೊದೆಯಲ್ಲಿ ಒಂದು ಬಿಳಿ ಮುದ್ದೆ ಮಲಗಿತ್ತು. ಯಂತ್ರ ಇಳಿಸಿ ನೋಡಿದರೆ ಏನೂ ಇಲ್ಲ, ಬರೀ ಒಣ ಸೊಪ್ಪು.

"ಅದೇ ಅಂಕಲ್. ಹೆಣ್ಣು. ನಮ್ಮ ಕಡೆ ಕಾಡುಕುರಿ ಅಂತಾರಲ್ಲ, ಅದರ ಚೀನಾದ ದಾಯಾದಿ."

ಕೇಳದೆಯೇ ಭಾಗ್ಯಳ ಕಡೆ ತಿರುಗಿಸಿದೆ. ಅವಳ ಮಣ್ಣು ಸುತ್ತಲಿನ ಮಣ್ಣಿನ ಬಣ್ಣವೇ ಇತ್ತು. ಎಲ್ಲಿ ಶುರು, ಎಲ್ಲಿ ಕೊನೆ ಗೊತ್ತಾಗಲಿಲ್ಲ.

ಯಂತ್ರ ಹಿಂತಿರುಗಿಸಿದೆ. ಕೆಲಸಕ್ಕೆ ಬಾರದ್ದು.

ಫೆಬ್ರವರಿ 9, ಸೋಮವಾರ

ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ, ಇದನ್ನು ಓದುವವರು ಯಾರೂ ಇಲ್ಲ.

ಎಂಟೂವರೆಗೆ ಹೋದೆ. ವಿಭೂತಿ ಹಚ್ಚಿ, ಪತ್ರಿ ಏರಿಸಿ, ಎಲೆ ಹಾಸಿ ಎಡೆ ಇಟ್ಟೆ. ಗೋದಿ ಬೆಲ್ಲದ ಮಾದಲಿ, ಒಂದು ಬಾಳೆಹಣ್ಣು, ಒಂದಿಷ್ಟು ಕೋಸಂಬರಿ. ಮಾದಲಿ ಅವಳಿಗೆ ಪ್ರಾಣ. ನಾನು ಮಾಡಿದ್ದು ಬೆಲ್ಲ ಕಲಸಿದ ಮರಳಿನಂತಿರುತ್ತದೆ, ಆ ಮಾತು ಬೇರೆ. ಆರಿದ್ದನ್ನು ಅವಳು ಯಾವತ್ತೂ ತಿಂದವಳಲ್ಲ. ಅದಕ್ಕೇ ಹೊರಡುವ ಮುಂಚೆ ಮೈಕ್ರೋವೇವಿನಲ್ಲಿಟ್ಟು ಬಿಸಿ ಡಬ್ಬಿಗೆ ಹಾಕಿಕೊಂಡು ಹೋಗುತ್ತೇನೆ.

ಕೈಮುಗಿಯುವಷ್ಟರಲ್ಲಿ ಫೋನ್ ಬಂತು. ಅನುರಾಗ್. ಓಕ್ ಮರಕ್ಕೆ ಒರಗಿಸಿದ ಏಣಿಯ ಮೇಲೊಂದು ಕುರ್ಚಿ ಕಟ್ಟಿದ್ದಾರೆ, ಕೆಲಸಕ್ಕೆ ಹೋಗುವ ಮೊದಲು ಅದರಲ್ಲಿ ಕೂತು ನೋಡುತ್ತಿದ್ದನಂತೆ.

"ಅಂಕಲ್, ಬಗ್ಗಿ ಏನೋ ಇಟ್ರಲ್ಲ, ಏನದು? ಬಲ್ಬ್ ಹತ್ತಿದ ಹಾಗೆ ಕಾಣ್ತಿದೆ."

"ಎಡಿ."

"ಅಂದ್ರೆ?"

"ಮಾದ್ಲಿ. ಬಿಸಿ ಮಾಡಿ ತಂದೀನಿ."

"ಅಂಕಲ್, ಊಟದ ಸಾಮಾನು ಇಡೋ ಹಾಗಿಲ್ಲ ಅಂತ ನೋಟೀಸ್ ಇದೆಯಲ್ಲ. ಗೇಟ್ ಮೇಲೇ ಇದೆ."

"ಊಟ ಅಲ್ಲಪಾ. ಎಡಿ ಅದು. ಹೆಂಡತಿಗೆ ಇಟ್ಟದ್ದು."

ನೋಟೀಸು ನಾನು ನೋಡಿರಲಿಲ್ಲ ಎಂದೇನಲ್ಲ. ಓದಿದ್ದೇನೆ. ಸಾಸೇಜು, ಕೇಕು ಇಡುವವರಿಗೆ ಬರೆದದ್ದು ಎಂದುಕೊಂಡಿದ್ದೆ. ಎಡೆಯನ್ನು ಊಟ ಎಂದು ಯಾರು ತಿಳಿದಾರು?

ಏಣಿ ಇಳಿದು ಬಂದ. ಬೈಯುತ್ತಾನೆ ಎಂದುಕೊಂಡೆ, ಬೈಯಲಿಲ್ಲ. ಅದೇ ಕೆಟ್ಟದಾಯಿತು. "ನಾನು ಮೂರು ಸೋಮವಾರದಿಂದ ನೋಡ್ತಿದೀನಿ. ನಿಮ್ಮ ಗೇಟ್ ಕಿರ್ ಅಂದ ತಕ್ಷಣ ಅದು ಎದ್ದು ನಿಲ್ಲುತ್ತೆ. ನೀವು ಹೋದ ನಾಲ್ಕು ನಿಮಿಷಕ್ಕೆ ಇಲ್ಲಿರುತ್ತೆ. ಇಲ್ಲಿ ಮುಗಿಸಿ ಸುತ್ತಲಿನ ಸಸಿ ಮೇಯುತ್ತೆ. ಖಾನಾವಳಿ ಆಗಿದೆ ಅಂಕಲ್ ಅದಕ್ಕೆ."

ಅಂದರೆ ಮೂವತ್ತೊಂದು ಸಸಿಗಳ ಕಳ್ಳನನ್ನು ಕರೆತಂದು ಕೂರಿಸಿದವನು ನಾನು. ಪಕ್ಕದ ಸಾಲಿನ ಮುದುಕನೊಬ್ಬ ಹೆಂಡತಿಯ ಸಸಿಗೆ ತನ್ನ ಮಫ್ಲರ್ ಸುತ್ತಿಟ್ಟು ಹೋಗಿದ್ದಾನೆ.

ಆಮೇಲೆ ಅನುರಾಗ್ ಹುರುಪಾದ. "ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು. ಟೈಮ್ ಗೊತ್ತು, ಜಾಗ ಗೊತ್ತು. ಮೇಲಿಂದ ಹೊಡೆದ್ರೆ ಗುಂಡು ಮಣ್ಣಿಗೇ ಹೋಗುತ್ತೆ. ಇಪ್ಪತ್ಮೂರಕ್ಕೆ ಗ್ಲೆನಿಸ್ ಬೆಳಗ್ಗೆ ಜಾಗ ಮುಚ್ಚಿಸ್ತಾರೆ. ನೀವು ಎಂದಿನ ಹಾಗೆ ಇಟ್ಟು ಈಚೆ ಬಂದ್ಬಿಡಿ, ಸಾಕು."

ಅವನು ಭುಜ ತಟ್ಟಿ ಹೋದ. ನಾನು ಸುಮ್ಮನಿದ್ದುದನ್ನು ಜನ ಮೊದಲಿನಿಂದಲೂ ಒಪ್ಪಿಗೆ ಎಂದೇ ತಿಳಿದಿದ್ದಾರೆ. ಈ ದೇಶಕ್ಕೆ ಬಂದದ್ದೂ ಹಾಗೆಯೇ.

ಫೆಬ್ರವರಿ 15, ಭಾನುವಾರ

ಶಿವರಾತ್ರಿ. ರಾಮಚಂದ್ರ ಝೂಮಿನಲ್ಲಿ ಬೇಡನ ಕಥೆ ಹೇಳಿದರು. ಬಿಲ್ವದ ಮರ ಹತ್ತಿ ಕೂತು, ಜಿಂಕೆಗೆ ಕಾಯುತ್ತ, ಎಲೆ ಕಿತ್ತು ಕಿತ್ತು ಕೆಳಗೆ ಹಾಕಿದನಂತೆ, ಅವು ಲಿಂಗದ ಮೇಲೆ ಬಿದ್ದವಂತೆ. ಆ ಬೇಡನ ಹತ್ತಿರ ಥರ್ಮಲ್ ಇದ್ದಿದ್ದರೆ ಮೊದಲ ಜಾವದಲ್ಲೇ ಮುಗಿಸಿ ಮನೆಗೆ ಹೋಗಿ ಮಲಗುತ್ತಿದ್ದ. ಕಥೆಯೂ ಇಲ್ಲ, ಪುಣ್ಯವೂ ಇಲ್ಲ.

ಅನುರಾಗ್ ಫೋನ್ ಮಾಡಿದ್ದ. ಅದರ ಹೊಟ್ಟೆ ನೋಡಿದರೆ ಗಬ್ಬ ಇರಬೇಕು ಎಂದ. "ಅದೇ ಒಳ್ಳೇದು ಅಂಕಲ್. ಈಗ ಹೊಡೆದ್ರೆ ಹೊರಗೆ ಯಾವ ಮರೀನೂ ಅನಾಥ ಆಗಲ್ಲ. ಅದೇ ಸರಿಯಾದ ಪದ್ಧತಿ." ಎಷ್ಟು ಮೃದುವಾಗಿ ಹೇಳಿದ! ಇವರ ದಯೆಗೂ ಒಂದು ಕೈಪಿಡಿ ಇದೆ.

ಫೆಬ್ರವರಿ 16, ಸೋಮವಾರ

ಎಡೆ ಇಟ್ಟು ಹೋಗದೆ ಹತ್ತು ಹೆಜ್ಜೆ ಹಿಂದೆ ನಿಂತೆ. ಕಳ್ಳನ ಮುಖ ಒಮ್ಮೆ ನೋಡೋಣವೆಂದು.

ಬಂತು. ನನ್ನನ್ನು ನೋಡಿತು, ನಿಂತಿತು, ಮತ್ತೆ ಬಂತು. ಕುರೂಪಿ. ಬೆನ್ನು ಗೂನು, ಹಣೆಯ ಮೇಲೆ ಕಪ್ಪು ಪಟ್ಟೆ, ಯಾವಾಗಲೂ ತಪ್ಪು ಮಾಡಿ ಸಿಕ್ಕಿಬಿದ್ದವರ ಮುಖ. ಮೊದಲು ಬಾಳೆಹಣ್ಣು. ಕೋಸಂಬರಿಯಲ್ಲಿ ಹಸಿಮೆಣಸು ಸಿಕ್ಕಿ ಒಮ್ಮೆ ಸೀನಿತು, ಆದರೂ ಬಿಡಲಿಲ್ಲ. ಮಾದಲಿಯನ್ನು ನೆಕ್ಕಿ ನೆಕ್ಕಿ ಎಲೆ ಹರಿಯುವವರೆಗೆ ತಿಂದಿತು. ನನ್ನ ಕೈಯ ಮಾದಲಿಯನ್ನು ಇಷ್ಟು ಆಸೆಯಿಂದ ಮನುಷ್ಯರ್ಯಾರೂ ತಿಂದದ್ದು ನೆನಪಿಲ್ಲ. ಪ್ರಾಣಿಗೆ ನಾಲಿಗೆಯ ರುಚಿ ಎಲ್ಲಿಂದ ಬರಬೇಕು.

ಅದರ ಮೈಯಿಂದ ಸಣ್ಣಗೆ ಹಬೆ ಏಳುತ್ತಿತ್ತು. ಅದನ್ನು ನೋಡಲು ಯಂತ್ರ ಬೇಕಾಗಲಿಲ್ಲ.

ಫೆಬ್ರವರಿ 19, ಗುರುವಾರ

ಗೋದಿ ಹುರಿಯುವಾಗ ಸೀದು ಹೋಗುತ್ತಿತ್ತಲ್ಲ, ಅದೇ ತಪ್ಪು. ಸಣ್ಣ ಉರಿಯಲ್ಲಿ ಹುರಿಯಬೇಕು. ಯಾಲಕ್ಕಿ ಹೆಚ್ಚಿಗೆ. ಈ ಸಲ ಕೋಸಂಬರಿಗೆ ಹಸಿಮೆಣಸು ಹಾಕಬಾರದು.

ಇಪ್ಪತ್ಮೂರಕ್ಕೆ ಇನ್ನು ನಾಲ್ಕು ದಿನ. ಅಷ್ಟರೊಳಗೆ ಹೊಡೆಯುವವನಿಗೆ ಜ್ವರ ಬರಬಹುದು. ನನಗೇನು.

ಫೆಬ್ರವರಿ 23, ಸೋಮವಾರ

ಗೇಟಿನ ಮೇಲೆ ಗ್ಲೆನಿಸಳ ಹೊಸ ನೋಟೀಸು: ಹತ್ತು ಗಂಟೆಯವರೆಗೆ ಮನೆಯವರಿಗೂ ಪ್ರವೇಶವಿಲ್ಲ. ಆಕಾಶ ತಿಳಿಯಾಗಿತ್ತು, ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಇಂಥ ಬೆಳಗು ಥರ್ಮಲ್‌ಗೆ ಚಿನ್ನ ಎಂದ ಅನುರಾಗ್. ಬಿಸಿಲೇರಿದರೆ ಕಲ್ಲು, ಮರದ ಬೊಡ್ಡೆ ಎಲ್ಲ ಬೆಳ್ಳಗಾಗಿ ಎಲ್ಲವೂ ಜಿಂಕೆಯಂತೆ ಕಾಣುತ್ತದಂತೆ.

ಎಡೆ ಇಟ್ಟೆ. ಕೈಮುಗಿಯಲಿಲ್ಲ. ಏನೆಂದು ಮುಗಿಯುವುದು? ಹಿಂದಿರುಗಿ ಏಣಿಯ ಕೆಳಗೆ ನಿಂತೆ. ಅವನು ಮೇಲೆ ಬಂದೂಕು ಹಿಡಿದು ಕೂತ. ಯಂತ್ರ ನನ್ನ ಕೈಗೆ ಕೊಟ್ಟ.

"ನಿಮಗೊಂದೇ ಕೆಲಸ ಅಂಕಲ್. ನಾನು ಸ್ಕೋಪಲ್ಲಿ ಅದನ್ನ ಮಾತ್ರ ನೋಡ್ತಿರ್ತೀನಿ. ನೀವು ಸುತ್ತ ನೋಡ್ತಿರಿ. ಒಳಗೆ ಯಾರಾದ್ರೂ ಮನುಷ್ಯರು ಕಂಡ್ರೆ ಕೂಗಿ. ತಕ್ಷಣ ಗನ್ ಕೆಳಗಿಡ್ತೀನಿ."

ನೋಡಿದೆ. ಮನುಷ್ಯರಿಲ್ಲ. ಭಾಗ್ಯಳ ಮೇಲೆ ಮಾದಲಿ ಒಂದು ಚಿಕ್ಕ ಬಿಳಿ ಚುಕ್ಕೆ. ಬೂದಿ ಬಣ್ಣದ ಆ ನೆಲದಲ್ಲಿ ಅವಳ ಜಾಗ ಯಾವುದೆಂದು ಅದರಿಂದಲೇ ಗೊತ್ತಾಗುತ್ತಿತ್ತು. ಎಡಗಡೆಯ ಪೊದೆಯಿಂದ ಇನ್ನೊಂದು ಬಿಳಿ ಎದ್ದಿತು. ಕಿವಿ ಕಪ್ಪಗೆ, ತಣ್ಣಗೆ. ಕಣ್ಣು, ಹೊಟ್ಟೆ ಬೆಳ್ಳಗೆ ಉರಿಯುತ್ತಿದ್ದವು. ಬಂದು ತಿನ್ನತೊಡಗಿದಳು. ಎರಡು ಬಾಯಿಗೊಮ್ಮೆ ತಲೆಯೆತ್ತಿ ಗೇಟಿನ ಕಡೆ ನೋಡುತ್ತಿದ್ದಳು. ಅಲ್ಲಿ ಯಾರೂ ಇರಲಿಲ್ಲ. ನಾನು ಇಲ್ಲಿದ್ದೆ.

"ಸೈಡಿಗೆ ತಿರುಗ್ಲಿ" ಎಂದು ಮೇಲಿನಿಂದ ಪಿಸುಗುಟ್ಟಿದ. ತಿರುಗಿದಳು. ಬಂದೂಕಿನ ಕೀಲಿ ಟಿಕ್ ಎಂದಿತು.

ಆಮೇಲೆ ನನ್ನ ಬಾಯಿಂದ ಹೊರಟ ಸದ್ದು ನನಗೇ ಪರಿಚಯವಿರಲಿಲ್ಲ. "ಏ! ಓಡs! ಓಡಬೇ ಮೂದೇವಿ! ತಿಂದದ್ದು ಸಾಕು, ಓಡs!"

ಹಕ್ಕಿಗಳೆಲ್ಲ ಎದ್ದವು. ಬಿಳಿ ಚುಕ್ಕೆ ಒಂದೇ ನೆಗೆತಕ್ಕೆ ಬೂದಿಯೊಳಗೆ ಮುಳುಗಿತು. ಅನುರಾಗ್ ಬಂದೂಕು ಕೆಳಗಿಟ್ಟು ಗುಂಡು ಹೊರತೆಗೆಯುತ್ತಲೇ ಕಿರುಚಿದ.

"ಯಾರು? ಎಲ್ಲಿದಾರೆ? ಮಕ್ಕಳಾ?"

"ಯಾರೂ ಇಲ್ಲ."

"ಮತ್ಯಾಕೆ ಕೂಗಿದ್ರಿ?"

"ಒಳಗ ಮನಿಷಾ ಇದ್ರ ಕೂಗು ಅಂದಿದ್ದಿ. ನಾ ಅದೀನಲ್ಲ."

ಏಣಿಯ ಮೇಲೆ ಹಾಗೇ ಕೂತುಬಿಟ್ಟ. ತೆಗೆದ ಗುಂಡನ್ನು ಜೇಬಿಗೆ ಹಾಕುತ್ತ "ನೀವೇ ಸಹಿ ಮಾಡಿದ್ರಿ ಅಂಕಲ್" ಎಂದ. ಹೌದು, ಮಾಡಿದ್ದೆ.

ಪ್ರಾಣಿಯ ಮೇಲಿನ ಕರುಣೆಯಿಂದ ಕೂಗಿದ್ದಲ್ಲ. ಎಡೆಯ ಮೇಲೆ ರಕ್ತ ಬೀಳಬಾರದೆಂದು, ಅಷ್ಟೇ.

ಫೆಬ್ರವರಿ 24, ಮಂಗಳವಾರ

ಗ್ಲೆನಿಸಳ ಆಫೀಸು. ಅವಳು ಕೂಗಾಡಲಿಲ್ಲ, ನಿಯಮದ ಹಾಳೆಯನ್ನು ನನ್ನ ಕಡೆ ಸರಿಸಿ ಬೆರಳಿಟ್ಟು ತೋರಿಸಿದಳು. ಜಾಗ ಕೊಂಡಾಗ ಹಾಕಿದ ಅಪೂರ್ವಳ ಸಹಿ ಅದರಲ್ಲಿದೆ. ಮುಂದಿನ ವಾರವೇ ನಾಟಿಂಗ್‌ಹ್ಯಾಮಿನಿಂದ ಬೇರೆಯವನನ್ನು ಕರೆಸುತ್ತೇನೆ, ಅವನು ಇಂಥದ್ದಕ್ಕೆಲ್ಲ ಅವಕಾಶ ಕೊಡುವವನಲ್ಲ ಎಂದಳು.

ಮಾತಾಡಿದವನು ಅನುರಾಗ್. ನನ್ನ ಮೇಲಿನ ಸಿಟ್ಟಿಗೆ ನನ್ನ ಮುಖವನ್ನೂ ನೋಡದೆ ಅವಳಿಗೆ ಹೇಳಿದ. ಅದು ಇಲ್ಲಿ ಸುತ್ತುವುದು ಎಡೆಗಾಗಿ. ಎಡೆ ನಿಂತರೆ ಹಳ್ಳ ದಾಟಿ ಆಚೆಯ ತೋಪಿಗೆ ಹೋಗಬಹುದು. ಅಲ್ಲಿ ಸಸಿಗಳಿಲ್ಲ, ಆ ಜಾಗದವರು ಬೇಟೆಗೆ ಬಿಡುವುದೂ ಇಲ್ಲ. ಮಾರ್ಚ್ ಇಪ್ಪತ್ತೇಳರವರೆಗೆ ಸಮಯ ಕೊಡಿ, ಹೋಗದಿದ್ದರೆ ನಾನೇ ಹೊಡೆಯುತ್ತೇನೆ ಎಂದ.

ಗ್ಲೆನಿಸ್ ಒಪ್ಪಿದಳು. ಒಂದು ಷರತ್ತು: ಅಲ್ಲಿಯವರೆಗೆ ಎಡೆಯೂ ಇಲ್ಲ, ನಾನೂ ಇಲ್ಲ. ಆ ಗ್ರೇಟ್ ಬ್ರಿಟನ್ನಿನ ತುಕ್ಕು ಹಿಡಿದ ಗೇಟು ಕಿರ್ ಅಂದರೆ ಸಾಕು, ಅದು ಬಂದು ನಿಲ್ಲುತ್ತದೆ. ಮಧ್ಯಾಹ್ನ ಬರಲೇ ಎಂದೆ. ಮಿಸ್ಟರ್ ಶ್ರೀ, ಯಾವ ಹೊತ್ತಿಗೂ ಬೇಡ ಎಂದಳು.

ನಾಲ್ಕು ಸೋಮವಾರ ಭಾಗ್ಯಳನ್ನು ಬಿಟ್ಟಿರಬೇಕು, ಒಂದು ಗೂನುಬೆನ್ನಿನ ಕಳ್ಳಿಗಾಗಿ. ಸಹಿ ಮಾಡಿ ಬಂದೆ. ಈ ಸಲ ಓದಿ ಮಾಡಿದೆ.

ಮಾರ್ಚ್ 2, ಸೋಮವಾರ

ಹೋಗಲಿಲ್ಲ.

ಮಾರ್ಚ್ 9, ಸೋಮವಾರ

ಹೋಗಲಿಲ್ಲ. ಅಭ್ಯಾಸಬಲದಿಂದ ಬೆಳಗ್ಗೆ ಎದ್ದು ಗೋದಿ ಹುರಿದುಬಿಟ್ಟೆ. ಮಾಡಿದ್ದನ್ನು ಏನು ಮಾಡುವುದು? ಕೂತು ನಾನೇ ತಿಂದೆ. ಪರವಾಗಿಲ್ಲ, ಮರಳಿನಂತಿರಲಿಲ್ಲ.

ಅಪೂರ್ವಳ ಫೋನ್. "ಅಪ್ಪಾ, ಊಟ ಆಯ್ತಾ?" ಇಷ್ಟು ಕನ್ನಡ, ಉಳಿದದ್ದು ಇಂಗ್ಲಿಷ್. ಗ್ಲೆನಿಸ್ ಅವಳಿಗೂ ಇಮೇಲ್ ಮಾಡಿದ್ದಾಳೆ. "ನೀವು ಕೂಗಿದ್ರಂತೆ? ನೀವು? ನನ್ನ ಇಡೀ ಜೀವನದಲ್ಲಿ ನಿಮ್ಮ ಕೂಗು ಕೇಳಿಲ್ಲ ಅಪ್ಪಾ" ಎಂದು ಇಂಗ್ಲಿಷಿನಲ್ಲಿ ನಕ್ಕಳು, ಆಮೇಲೆ ಅತ್ತಳು. ಏನೆಂದು ಕೂಗಿದಿರಿ ಎಂದು ಕೇಳಿದಳು. ಹೇಳಿದೆ. ಮೂದೇವಿ ಅಂದರೇನು ಎಂದು ಕೇಳಿದಳು. ವಿವರಿಸುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಫೋನಿನಲ್ಲಿ ಇಷ್ಟು ಹೊತ್ತು ಮಾತಾಡುವುದು ದಂಡ.

ಮಾರ್ಚ್ 16, ಸೋಮವಾರ

ಹೋಗಲಿಲ್ಲ. ಎಂಟೂವರೆಗೆ ಕಾರು ತೆಗೆದು ಆ ರಸ್ತೆಯಲ್ಲೇ ಹೋದೆ, ಗೇಟಿಗೆ ಅರ್ಧ ಮೈಲಿ ಇರುವಾಗ ತಿರುಗಿಸಿದೆ. ಹಾಲು ತರಲು ಹೋಗಿದ್ದೆ ಎಂದಿಟ್ಟುಕೊಳ್ಳಬೇಕು.

ಮಾರ್ಚ್ 21, ಶನಿವಾರ

ಅನುರಾಗ್ ಮನೆಗೇ ಬಂದ. ಸೊಪ್ಪಿನ ಅಂಗಿ ಇರಲಿಲ್ಲ, ಮನುಷ್ಯನ ಹಾಗೇ ಇದ್ದ. ಚಹಾ ಮಾಡಿಕೊಟ್ಟೆ.

"ಮೂರು ಸೋಮವಾರನೂ ಹೋಗಿದ್ದೆ ಅಂಕಲ್. ಗನ್ ಒಯ್ದಿರಲಿಲ್ಲ, ಬರೀ ಥರ್ಮಲ್."

ನಾನು ಕೇಳಲಿಲ್ಲ. ಅವನೇ ಹೇಳಿದ.

"ಮೊದಲ ವಾರ ನಿಮ್ಮ ಟೈಮಿಗೆ ಸರಿಯಾಗಿ ಬಂತು. ಆಂಟಿ ಹತ್ರ ನಲವತ್ತು ನಿಮಿಷ ನಿಂತಿತ್ತು. ಎರಡನೇ ವಾರ ಇಪ್ಪತ್ತು. ಮೊನ್ನೆ ಬರಲೇ ಇಲ್ಲ. ಇವತ್ತು ಹಳ್ಳದಾಚೆ ತೋಪಲ್ಲಿ ನೋಡಿದೆ. ಪಕ್ಕದಲ್ಲೊಂದು ಸಣ್ಣ ಚುಕ್ಕೆ ಇತ್ತು. ಮೊಲ ಅನ್ಕೊಂಡೆ. ಬೈನಾಕ್ಯುಲರ್ ಹಾಕಿದ್ರೆ, ಮರಿ." ಲೋಟ ಕೆಳಗಿಟ್ಟ. "ಗ್ಲೆನಿಸ್‌ಗೆ ಹೇಳ್ಬಿಟ್ಟೆ. ಇಪ್ಪತ್ತೇಳರದ್ದು ಕ್ಯಾನ್ಸಲ್."

"ಚಲೋ ಆತು" ಎಂದೆ.

"ಖುಷಿ ಆಯ್ತಾ ಅಂಕಲ್?"

"ನನಗೇನ್ ಖುಷಿ? ಮೂರ ವಾರದಾಗ ಮರತಾಳ, ಉಂಡ ಮನಿ."

ಅವನು ಜೋರಾಗಿ ನಕ್ಕ. ಅವನ ನಗು ನನಗೆ ಹಿಡಿಸುವುದಿಲ್ಲ. ಹೋಗುವಾಗ ಡಬ್ಬಿಯಲ್ಲಿದ್ದ ಮಾದಲಿ ಕಟ್ಟಿಕೊಟ್ಟೆ, ಕೆಟ್ಟು ಹೋಗುತ್ತದೆಂದು.

ನಲವತ್ತು ನಿಮಿಷ. ಪ್ರಾಣಿಗೆ ಅದೂ ಬಹಳವೇ.

ಮಾರ್ಚ್ 30, ಸೋಮವಾರ

ಹೋದೆ. ಹೊರಟಾಗಲೇ ಹನ್ನೆರಡಾಗಿತ್ತು. ಗೇಟಿಗೆ ಯಾರೋ ಎಣ್ಣೆ ಬಿಟ್ಟಿದ್ದಾರೆ, ಸದ್ದಾಗಲಿಲ್ಲ.

ವಿಭೂತಿ ಹಚ್ಚಿದೆ, ಪತ್ರಿ ಏರಿಸಿದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಇಷ್ಟು ದಿನ ಎಲೆ ಹಾಸುವುದು, ಬಡಿಸುವುದು, ನೊಣ ಓಡಿಸುವುದು ಎಂದು ಹೊತ್ತು ಹೋಗುತ್ತಿತ್ತು. ಇವತ್ತು ಎರಡು ಕೈಯನ್ನೂ ಎಲ್ಲಿಡುವುದು ಗೊತ್ತಾಗಲಿಲ್ಲ. ಎದ್ದು ಬಂದುಬಿಡೋಣವೆನ್ನಿಸಿತು. ಹೊಟ್ಟೆಗೆ ಏನೂ ಕೊಡದೆ ಹೇಗೆ ಬರುವುದು?

ಸುತ್ತಲೂ ನೋಡಿದೆ. ಏಣಿಯ ಕುರ್ಚಿ ಖಾಲಿ ಇತ್ತು. ಇದ್ದರೂ ಏನಂತೆ, ಆ ಹುಡುಗನ ಯಂತ್ರದಲ್ಲಿ ನನ್ನ ಮೈಬಿಸಿ ಕಂಡೀತು, ಮಾತು ಕಾಣುವುದಿಲ್ಲ. ಒದ್ದೆ ಹುಲ್ಲಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿಕೊಂಡು ಕೂತು, ಮಿಕ್ಸರ್ ನಿಲ್ಲಿಸದವರಿಂದ ಶುರು ಮಾಡಿದೆ. ಗ್ಲೆನಿಸಳ ನೋಟೀಸುಗಳು, ಕೆಂಪು ಕಾರಿನ ಬೇಟೆಗಾರ, ಅರ್ಧ ಗಂಟೆ ಮೂದೇವಿಯ ಅರ್ಥ ಕೇಳಿದ ಮಗಳು, ಆ ಕಳ್ಳಿ, ಅವಳ ಮರಿ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಬೈದೆ. ಮದುವೆಯಾದ ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳಿಗೆ ಇಷ್ಟು ಮಾತು ಒಟ್ಟಿಗೆ ಹೇಳಿದ್ದಿಲ್ಲ.

ಪಕ್ಕದ ಸಾಲಿನ ಮುದುಕ ಯಾವಾಗ ಬಂದಿದ್ದನೋ, ಮಫ್ಲರ್ ಸರಿಮಾಡುತ್ತ ನಿಂತಿದ್ದ. ನಾನು ಬಾಯಿ ಮುಚ್ಚಿದೆ. ಅವನು ಕೈಯೆತ್ತಿ, ನಿಲ್ಲಿಸಬೇಡಿ ಎನ್ನುವ ಹಾಗೆ ಸನ್ನೆ ಮಾಡಿ, ತನ್ನ ಹೆಂಡತಿಯ ಕಡೆ ಬಗ್ಗಿದ.

ಶಿಫ್ಟಿಗೆ ಇಪ್ಪತ್ತು ನಿಮಿಷ ತಡವಾಯಿತು. ಸೂಪರ್‌ವೈಸರ್ ಕಾರಣ ಕೇಳಿದ. ಹೆಂಡತಿಯ ಜೊತೆ ಮಾತಾಡುತ್ತಿದ್ದೆ ಎಂದೆ.